ಯಾಕೆ ಮಾಡಿದೆ ಅಂತ ಕೇಳಬೇಡಿ, ಜೊತೆಗೆ ಯಾರಿದ್ದರು ಅಂತ ಕೇಳಿ

ನಾನು ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿ. ಮಕ್ಕಳ ಬಾಯಲ್ಲಿ ಕೌನ್ಸೆಲರ್ ಮಿಸ್. ಕಾಂಪೌಂಡ್ ಹಾರಿ ಸಿಕ್ಕಿಬಿದ್ದವರು, ಬಾತ್‌ರೂಮಿನಲ್ಲಿ ವೇಪ್ (ಇ-ಸಿಗರೇಟು) ಎಳೆದವರು, ಲೈಸೆನ್ಸ್ ಇಲ್ಲದೆ ಒಂದೇ ಬೈಕಿನಲ್ಲಿ ಮೂವರು ಕೂತು ಹೋದವರು, ಯಾರದೋ ಮಾತು ನಂಬಿ ಫೋಟೊ ಕಳಿಸಿ ಈಗ ನಿದ್ದೆಗೆಟ್ಟವರು, ಎಲ್ಲರೂ ಕೊನೆಗೆ ಬರುವುದು ನನ್ನ ಕೋಣೆಗೇ. ಅವರ ಹಿಂದೆಯೇ ಅಪ್ಪ ಅಮ್ಮ ಬರುತ್ತಾರೆ. ಅವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ ಇರುತ್ತದೆ: "ಎಷ್ಟು ಸಲ ಹೇಳಿದ್ದೀವಿ ಮೇಡಂ, ತಲೆಗೇ ಹೋಗಲ್ಲ."

ತಲೆಗೆ ಹೋಗಿರುತ್ತದೆ. ವೇಪ್ ಎಳೆದ ಹುಡುಗನನ್ನು ಕೂರಿಸಿ ಕೇಳಿ ನೋಡಿ. ನಿಕೋಟಿನ್ ಏನು ಮಾಡುತ್ತದೆ, ಶ್ವಾಸಕೋಶ ಹೇಗೆ ಹಾಳಾಗುತ್ತದೆ ಎಂದು ನಿಮಗಿಂತ ಚೆನ್ನಾಗಿ ಒಪ್ಪಿಸುತ್ತಾನೆ. ವ್ಯಾಲರಿ ರೇನಾ ಮತ್ತು ಫ್ರ್ಯಾಂಕ್ ಫಾರ್ಲಿ ಎಂಬ ಮನೋವಿಜ್ಞಾನಿಗಳು ಈ ವಿಷಯದ ಸಂಶೋಧನೆಗಳನ್ನೆಲ್ಲ ಜಾಲಾಡಿ 2006ರಲ್ಲಿ ಬರೆದದ್ದೂ ಇದನ್ನೇ: ಹದಿಹರೆಯದವರು ಎಷ್ಟೋ ಅಪಾಯಗಳನ್ನು ಇರುವುದಕ್ಕಿಂತ ದೊಡ್ಡದಾಗಿಯೇ ಅಂದಾಜು ಮಾಡುತ್ತಾರೆ. ಅಪಾಯ ಗೊತ್ತಿದ್ದೇ ಮಾಡುತ್ತಾರೆ. ಹಾಗಾಗಿ ಅಪಾಯದ ಬಗ್ಗೆ ಇನ್ನೊಂದು ಭಾಷಣ ಬಿಗಿದರೆ ನಿಮಗೆ ಕರ್ತವ್ಯ ಮುಗಿಸಿದ ಸಮಾಧಾನ ಸಿಗುತ್ತದೆ, ಅಷ್ಟೇ.

ಮತ್ತೆ ಏನು ಮಾಡಬೇಕು? ನಾನು ಮಾಡುವುದನ್ನು, ಪೋಷಕರಿಗೆ ಮಾಡಿ ಎಂದು ಹೇಳುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯ ಎನ್ನುವುದು 10ರಿಂದ 19 ವರ್ಷದ ಅವಧಿಯನ್ನು. ನಾನು ಹೇಳುವುದರಲ್ಲಿ ಹೆಚ್ಚಿನದು 12ರಿಂದ 17ರವರಿಗೆ ಹೊಂದುತ್ತದೆ.

ಮೊದಲು ಮೂರು ಗುಂಪು ಮಾಡಿ

ಒಂದು ಹಾಳೆ ತಗೊಂಡು, ಮಗ ಅಥವಾ ಮಗಳು ಮಾಡುವ, ನಿಮಗೆ ಸಿಟ್ಟು ತರಿಸುವ ಎಲ್ಲವನ್ನೂ ಬರೆಯಿರಿ. ಆಮೇಲೆ ಪ್ರತಿಯೊಂದರ ಮುಂದೆ ಒಂದು ಅಂಕಿ ಹಾಕಿ. ಕಣ್ಣಿಗೆ ಹಿಡಿಸದ್ದು, ಆದರೆ ಯಾರಿಗೂ ಏಟಾಗದ್ದಕ್ಕೆ 1: ಕೂದಲಿನ ಬಣ್ಣ, ಎದುರುತ್ತರ, ಚೆಲ್ಲಾಪಿಲ್ಲಿಯಾಗಿರುವ ಕೋಣೆ. ಬಿದ್ದರೆ ಮಂಡಿ ತರಚಬಹುದು, ದುಡ್ಡು ಹೋಗಬಹುದು, ನಾಲ್ಕು ಜನರ ಮುಂದೆ ಮುಖಭಂಗ ಆಗಬಹುದು, ಆದರೆ ಎದ್ದು ಬರಬಹುದು ಎನ್ನುವಂಥದ್ದಕ್ಕೆ 2. ಒಂದೇ ಸಲ ತಪ್ಪಿದರೂ ಸರಿಪಡಿಸಲು ಆಗದ್ದಕ್ಕೆ 3: ಹೆಲ್ಮೆಟ್ ಇಲ್ಲದ ಬೈಕು, ಆಳ ಗೊತ್ತಿಲ್ಲದ ನೀರು, ಎತ್ತರದ ಸಾಹಸ, ಕುಡಿದು ವಾಹನ, ಯಾರೋ ಕೊಟ್ಟ ಮಾತ್ರೆ, ರೈಲು ಹಳಿ.

ನನ್ನ ಮುಂದೆ ಈ ಹಾಳೆ ಬರೆದ ಪೋಷಕರಲ್ಲಿ ಬಹಳ ಜನ ಬರೆದು ಮುಗಿಸಿದ ಮೇಲೆ ಸುಮ್ಮನೆ ಕೂರುತ್ತಾರೆ. ದಿನದ ಜಗಳವೆಲ್ಲ 1ರ ಮೇಲೇ ಖರ್ಚಾಗಿರುತ್ತದೆ. 3ರ ಬಗ್ಗೆ ಒಂದು ಸ್ಪಷ್ಟ ನಿಯಮವೂ ಮನೆಯಲ್ಲಿ ಇರುವುದಿಲ್ಲ, "ಹುಷಾರಾಗಿರು" ಎನ್ನುವುದು ಬಿಟ್ಟರೆ. 'ಹುಷಾರು' ನಿಯಮವಲ್ಲ. "ಹೆಲ್ಮೆಟ್ ಇಲ್ಲದೆ ಯಾರ ಬೈಕೂ ಹತ್ತುವಂತಿಲ್ಲ, ಹತ್ತು ಹೆಜ್ಜೆಯ ದೂರಕ್ಕೂ ಇಲ್ಲ" ಎನ್ನುವುದು ನಿಯಮ. 3ರಲ್ಲಿ ಇಂಥವು ನಾಲ್ಕೈದು ಇರಲಿ, ಅವುಗಳಲ್ಲಿ ರಾಜಿ ಬೇಡ. 2ರಲ್ಲಿ ಚರ್ಚೆ ಮಾಡಿ, ಕೆಲವೊಮ್ಮೆ ಸೋಲಿ. 1ನ್ನು ಬಿಟ್ಟುಬಿಡಿ. ಕೂದಲಿನ ಬಣ್ಣಕ್ಕೂ ಕುಡಿದ ಬೈಕಿಗೂ ಒಂದೇ ದನಿಯಲ್ಲಿ ಕೂಗಿದರೆ, ಮಗು ಎರಡನ್ನೂ ಒಂದೇ ಕಿವಿಯಲ್ಲಿ ಬಿಡುತ್ತದೆ.

ಪ್ಯಾರಾಪೆಟ್ ಮೇಲಿನ ಹುಡುಗ

ಈಗ ಕೇಳುವ ವಿಧಾನ. ಒಂಬತ್ತನೇ ತರಗತಿಯ ಹುಡುಗನೊಬ್ಬನ ಉದಾಹರಣೆ ಕೊಡುತ್ತೇನೆ, ಗುರುತು ಸಿಗದ ಹಾಗೆ ಬೇಕಾದಷ್ಟು ಬದಲಿಸಿದ್ದೇನೆ. ಟೆರೇಸಿನ ಅಂಚಿನ ಗೋಡೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದಿದ್ದ. ವಿಡಿಯೊ ಎಲ್ಲರ ಫೋನಿಗೂ ಹೋಗಿತ್ತು. ನನ್ನ ಬಳಿ ಬರುವಷ್ಟರಲ್ಲಿ ಕ್ಲಾಸ್ ಟೀಚರ್, ಹೆಡ್‌ಮಾಸ್ಟರ್, ಅಪ್ಪ, ಮೂವರೂ "ಯಾಕೋ ಮಾಡಿದೆ?" ಎಂದು ಕೇಳಿ ಆಗಿತ್ತು. ಮೂವರಿಗೂ ಸಿಕ್ಕಿದ್ದು "ಸುಮ್ನೆ" ಎನ್ನುವ ಒಂದೇ ಉತ್ತರ. ಸುಳ್ಳಲ್ಲ ಅದು. ಆ ವಯಸ್ಸಿನಲ್ಲಿ ಯಾಕೆ ಎಂಬುದಕ್ಕೆ ಅವರ ಬಳಿಯೇ ಉತ್ತರ ಇರುವುದಿಲ್ಲ. ಯಾವಾಗ, ಎಲ್ಲಿ, ಯಾರು ಎನ್ನುವುದಕ್ಕೆ ಇರುತ್ತದೆ.

"ಯಾವಾಗ ಹತ್ತಿದ್ದು?"

"ಲಂಚ್ ಆದ್ಮೇಲೆ."

"ಮೇಲೆ ಎಷ್ಟ್ ಜನ ಇದ್ರಿ?"

"ಐದು."

"ಮೊದ್ಲು ಮಾತು ತೆಗೆದಿದ್ದು ಯಾರು?"

ಸುಮ್ಮನಾದ. ಇಲ್ಲಿ ಒತ್ತಾಯ ಮಾಡಬಾರದು. ಹೆಸರು ಹೇಳಿಸಿಕೊಂಡರೆ ಅವನು ಗೆಳೆಯರನ್ನು ಕಳೆದುಕೊಳ್ಳುತ್ತಾನೆ, ನೀವು ಅವನನ್ನು.

"ಹೆಸರು ಬೇಡ ಬಿಡು. ಏನಂದ್ರು, ಅಷ್ಟು ಹೇಳು."

"'ನಿನ್ ಕೈಲಿ ಆಗಲ್ಲ ಬಿಡೋ' ಅಂದ."

"ಫೋನು?"

"ಇಬ್ರು ಹಿಡ್ಕೊಂಡಿದ್ರು."

"ಮೇಲೆ ನಿಂತಾಗ ಕೆಳಗೆ ನೋಡಿದ್ಯಾ?"

"ನೋಡ್ದೆ ಮಿಸ್. ಕಾಲು ನಡುಗ್ತಿತ್ತು."

"ಇಳಿದುಬಿಡೋಣ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಹೆಂಗ್ ಇಳಿಯೋದು, ರೆಕಾರ್ಡ್ ಆಗ್ತಿತ್ತಲ್ಲ."

"ಒಬ್ನೇ ಇದ್ದಿದ್ರೆ?"

ನನ್ನನ್ನು ವಿಚಿತ್ರವಾಗಿ ನೋಡಿದ. "ಒಬ್ನೇ ಇದ್ರೆ ಯಾಕ್ ಮಿಸ್ ಹತ್ಲಿ?"

ಇವನು ಹೇಳಿದ್ದನ್ನೇ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. 13ರಿಂದ 16, 18ರಿಂದ 22, ಮತ್ತು 24 ದಾಟಿದವರು, ಹೀಗೆ ಮೂರು ಗುಂಪುಗಳಿಗೆ ಕಂಪ್ಯೂಟರಿನಲ್ಲಿ ಕಾರಿನ ಆಟ ಕೊಟ್ಟರು. ಹಳದಿ ದೀಪ ಬಂದ ಮೇಲೂ ಎಷ್ಟು ದೂರ ಓಡಿಸುತ್ತೀಯೋ ಅಷ್ಟು ಅಂಕ, ಆದರೆ ಕೆಂಪು ಬಿದ್ದಾಗ ಕಾರು ಓಡುತ್ತಿದ್ದರೆ ಅಪಘಾತ. ಒಬ್ಬೊಬ್ಬರೇ ಆಡಿದಾಗ ವಯಸ್ಸಿನಿಂದ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಗೆಳೆಯರನ್ನು ಪಕ್ಕದಲ್ಲಿ ನಿಲ್ಲಿಸಿದಾಗ ಚಿಕ್ಕವರು ಅಪಾಯದ ಕಡೆಗೆ ವಿಪರೀತ ವಾಲಿದರು. ದೊಡ್ಡವರು ಅಷ್ಟಾಗಿ ಬದಲಾಗಲಿಲ್ಲ. 2011ರಲ್ಲಿ ಜೇಸನ್ ಚೈನ್ ಮತ್ತು ಸ್ಟೈನ್‌ಬರ್ಗ್ ತಂಡ ಇಂಥದೇ ಆಟವನ್ನು ಮೆದುಳಿನ ಸ್ಕ್ಯಾನಿಂಗ್ ಯಂತ್ರದೊಳಗೆ ಆಡಿಸಿತು. ಗೆಳೆಯರು ಬೇರೆ ಕೋಣೆಯಲ್ಲಿ ಕೂತು ನೋಡುತ್ತಿದ್ದಾರೆ ಎಂದು ತಿಳಿದಷ್ಟಕ್ಕೇ, ಹದಿಹರೆಯದವರ ಮೆದುಳಿನಲ್ಲಿ ಖುಷಿ, ಬಹುಮಾನಗಳಿಗೆ ಸ್ಪಂದಿಸುವ ಭಾಗ ಚುರುಕಾಯಿತು. ಆವೇಗಕ್ಕೆ ತಡೆಹಾಕಿ ಮುಂದಾಲೋಚನೆ ಮಾಡುವ ಹಣೆ ಭಾಗದ ಮೆದುಳು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷಗಳಾದ ಮೇಲೆ. ಆದ್ದರಿಂದ ಒಬ್ಬನೇ ಕೂತಾಗ ಜಾಣನಾಗಿರುವ ಹುಡುಗ ಐವರ ನಡುವೆ ಬೇರೆಯೇ ಹುಡುಗ. ನೀವು ಬುದ್ಧಿ ಹೇಳುವುದು ಮೊದಲನೆಯವನಿಗೆ, ಗೋಡೆ ಹತ್ತುವುದು ಎರಡನೆಯವನು.

ಪ್ಯಾರಾಪೆಟ್ ಹುಡುಗನ ಉತ್ತರಗಳಲ್ಲಿ ನಾವು ಕೈಹಾಕಬಹುದಾದ ಜಾಗಗಳು ಎಷ್ಟಿವೆ ನೋಡಿ. ಲಂಚ್ ಆದ ಮೇಲಿನ ಹೊತ್ತು. ಬೀಗವಿಲ್ಲದ ಟೆರೇಸ್ ಬಾಗಿಲು. ರೆಕಾರ್ಡ್ ಆಗುತ್ತಿದ್ದ ಫೋನು. 'ನಿನ್ ಕೈಲಿ ಆಗಲ್ಲ' ಎಂಬ ಮಾತಿಗೆ ಎದುರು ಮಾತು ಗೊತ್ತಿಲ್ಲದ್ದು. ಮಾನ ಉಳಿಸಿಕೊಂಡು ಇಳಿಯುವ ದಾರಿ ಇಲ್ಲದ್ದು. ಮೊದಲ ಮೂರನ್ನು ಶಾಲೆ ಎರಡೇ ದಿನದಲ್ಲಿ ಸರಿಮಾಡಿತು. ಕೊನೆಯ ಎರಡನ್ನು ನಾನೂ ಅವನೂ ಕೂತು ಮಾಡಿದೆವು.

ತಪ್ಪಿಸಿಕೊಳ್ಳುವ ಮಾತು ಕಲಿಸಿ

'ಬೇಡ ಅನ್ನು' ಎಂದು ಹೇಳಿಕೊಡುವುದು ಸುಲಭ. ಐವರ ಮುಂದೆ 'ಬೇಡ' ಎನ್ನುವುದು 14ರ ಹುಡುಗನಿಗೆ ಗೋಡೆ ಮೇಲೆ ನಡೆಯುವುದಕ್ಕಿಂತ ಕಷ್ಟ. ಹಾಗಾಗಿ ಧೈರ್ಯ ಬೇಕಿಲ್ಲದ, ನಗುತ್ತಲೇ ಹೇಳಿ ಜಾರಿಕೊಳ್ಳಬಹುದಾದ ಮಾತು ಬೇಕು. ಅದನ್ನು ಮಗುವೇ ಆರಿಸಲಿ. ನೀವು ಬರೆದುಕೊಟ್ಟ ಡೈಲಾಗು ಅವನ ಬಾಯಲ್ಲಿ ಬಂದರೆ ಗೆಳೆಯರು ಆ ಕ್ಷಣಕ್ಕೆ ಪತ್ತೆ ಹಚ್ಚುತ್ತಾರೆ. ನನ್ನ ಬಳಿ ಬರುವ ಮಕ್ಕಳು ಇಟ್ಟುಕೊಂಡಿರುವ ಕೆಲವು: "ಹೋಗೋಲೇ, ನೀನ್ ಮೊದ್ಲು ಮಾಡಿ ತೋರ್ಸು, ನಾನ್ ರೆಕಾರ್ಡ್ ಮಾಡ್ತೀನಿ." "ನಮ್ಮಪ್ಪ ವಾಸ್ನೆ ನೋಡ್ತಾರೆ ಮಗಾ, ಮನೆಗೆ ಸೇರ್ಸಲ್ಲ." "ಮ್ಯಾಚ್ ಇದೆ, ಕಾಲು ಮುರ್ಕೊಂಡ್ರೆ ಕೋಚ್ ಕೊಂದೇ ಬಿಡ್ತಾರೆ." ಮೊದಲನೆಯದರಲ್ಲಿ ನನಗೊಂದು ಆತಂಕವಿದೆ, ಎದುರಿನವನು ಮಾಡಿಯೇ ಬಿಟ್ಟರೆ? ಅದನ್ನು ಮಕ್ಕಳಿಗೇ ಹೇಳುತ್ತೇನೆ, ಅವರೇ ತಿದ್ದಿಕೊಳ್ಳುತ್ತಾರೆ.

ಇವುಗಳಲ್ಲಿ ಬಹಳಷ್ಟು ಅಪ್ಪ ಅಮ್ಮನನ್ನು ವಿಲನ್ ಮಾಡುತ್ತವೆ. ಆಗಲಿ. "ನಿನ್ನ ಗೆಳೆಯರ ಮುಂದೆ ನನ್ನನ್ನು ಎಷ್ಟು ಬೇಕಾದರೂ ಕೆಟ್ಟವನನ್ನಾಗಿ ಮಾಡು" ಎಂದು ಅಪ್ಪನೇ ಬಾಯಿಬಿಟ್ಟು ಅನುಮತಿ ಕೊಡಬೇಕು.

ಮಾತು ಆರಿಸಿದ ಮೇಲೆ ಜೋರಾಗಿ ಹೇಳಿಸಿ. ನೀವು ಗೆಳೆಯನ ಪಾತ್ರ ಮಾಡಿ, ಕೆಣಕಿ, "ಪುಕ್ಕಲ" ಎನ್ನಿ. ಮೊದಲು ಇಬ್ಬರಿಗೂ ನಗು ಬರುತ್ತದೆ. ಸ್ವಲ್ಪ ಹೊತ್ತಿಗೆ ಬಾಯಿ ತಿರುಗುತ್ತದೆ. ಮನಸ್ಸಿನಲ್ಲೇ ಓದಿಕೊಂಡದ್ದು ಆ ಹೊತ್ತಿಗೆ ನೆನಪಿಗೆ ಬರುವುದಿಲ್ಲ.

ಇದರ ಜೊತೆಗೆ ಇನ್ನೊಂದು ಏರ್ಪಾಡು: ಗುಟ್ಟಿನ ಮೆಸೇಜು. ಒಂದು ಅಕ್ಷರವೋ ಒಂದು ಇಮೋಜಿಯೋ. ಅದು ಬಂದ ಕೂಡಲೇ ಮನೆಯಿಂದ ಫೋನ್ ಹೋಗಬೇಕು: "ತಕ್ಷಣ ಹೊರಡು, ನಾನು ಬರ್ತಿದ್ದೀನಿ." ಮಗು ಗೆಳೆಯರ ಮುಂದೆ ಮುಖ ಸಿಂಡರಿಸಿಕೊಂಡು, ನಿಮ್ಮನ್ನು ಬೈದುಕೊಂಡೇ ಎದ್ದು ಬರುತ್ತದೆ. ಇದು ಕೆಲಸ ಮಾಡಬೇಕಾದರೆ ಒಂದು ಷರತ್ತಿದೆ, ಮುಕ್ಕಾಲು ಜನ ಮುರಿಯುವುದೂ ಅದನ್ನೇ: ಕರೆದುಕೊಂಡು ಬರುವ ದಾರಿಯಲ್ಲಿ ಒಂದೂ ಪ್ರಶ್ನೆ ಕೇಳಬಾರದು. ಬಾಯಲ್ಲಿ ವಾಸನೆ ಬರುತ್ತಿದ್ದರೂ ಸರಿ. ನೀರು ಕೊಡಿ, ಮಲಗಿಸಿ. ಮಾತು ಮರುದಿನ. ಆ ರಾತ್ರಿಯೇ ಶುರು ಹಚ್ಚಿಕೊಂಡರೆ ಮುಂದಿನ ಸಲ ಮೆಸೇಜ್ ಬರುವುದಿಲ್ಲ, ಕುಡಿದವನ ಬೈಕಿನ ಹಿಂದೆ ಕೂತು ಬರುತ್ತಾರೆ.

ಮನೆಯಲ್ಲಿ ಮಾತು ತೆಗೆಯುವುದು

ಎದುರುಬದುರು ಕೂರಿಸಿಕೊಂಡು "ನಿನ್ ಹತ್ರ ಮಾತಾಡ್ಬೇಕು" ಎಂದರೆ ಅದು ವಿಚಾರಣೆ. ಪಕ್ಕಪಕ್ಕ ಇರುವ ಹೊತ್ತು ಒಳ್ಳೆಯದು: ನಡೆಯುವಾಗ, ಗಾಡಿಯಲ್ಲಿ ಹೋಗುವಾಗ, ಪಾತ್ರೆ ಒರೆಸುವಾಗ. ಕಣ್ಣಿಗೆ ಕಣ್ಣು ಸಿಗಬೇಕಿಲ್ಲ, ಮಾತಿನ ನಡುವಿನ ಮೌನಕ್ಕೂ ಒಂದು ಕೆಲಸ ಇರುತ್ತದೆ.

ಬೇರೆಯವರಿಂದ ಶುರು ಮಾಡಿ. ಹದಿಹರೆಯದವರನ್ನು ನೋಡುವ ವೈದ್ಯರಿಗೂ ಇದೇ ಕ್ರಮವನ್ನು ಕಲಿಸುತ್ತಾರೆ: ಮನೆ, ಓದು, ಹವ್ಯಾಸಗಳಂಥ ಹಗುರ ವಿಷಯದಿಂದ ಹೊರಟು ಮಾದಕವಸ್ತು, ಲೈಂಗಿಕತೆ, ಜೀವದ ಬೇಸರದಂಥ ಭಾರದ ವಿಷಯಕ್ಕೆ ಮೆಲ್ಲಗೆ ಇಳಿಯುವುದು. "ನಿಮ್ ಕ್ಲಾಸಲ್ಲಿ ವೇಪ್ ತರೋರು ಇದ್ದಾರಾ?" ಆಮೇಲೆ "ನಿನ್ನ ಫ್ರೆಂಡ್ಸಲ್ಲಿ?" ಆಮೇಲೆ "ನಿನಗೂ ಕೊಡೋಕೆ ಬಂದಿದ್ರಾ? ಏನಂದೆ?" ಮೊದಲ ಪ್ರಶ್ನೆಯೇ "ನೀನು ವೇಪ್ ಮಾಡ್ತೀಯಾ?" ಆದರೆ ಮಾತುಕತೆ ಅಲ್ಲಿಗೇ ಮುಗಿಯಿತು.

ಮಕ್ಕಳು ಮೊದಲು ಚಿಕ್ಕದೊಂದನ್ನು ಹೇಳಿ ನಿಮ್ಮನ್ನು ಪರೀಕ್ಷೆ ಮಾಡುತ್ತಾರೆ. "ಇವತ್ತು ಒಬ್ಬ ಸಿಗರೇಟ್ ತಂದಿದ್ದ." ಆಗ ನಿಮ್ಮ ಹುಬ್ಬು ಮೇಲೆ ಹೋಯಿತೋ, "ಯಾರವನು? ಅವನ ಸಹವಾಸ ಬಿಡು" ಎಂದಿರೋ, ಪರೀಕ್ಷೆಯಲ್ಲಿ ಫೇಲು. "ಹೌದಾ? ಆಮೇಲೆ?" ಎಂದು ಕೇಳಿ. ಎರಡೇ ಪದ. ನಾನು ದಿನವಿಡೀ ಬಳಸುವ ಉಪಕರಣ ಅದು.

ಫೋನಿನಲ್ಲಿ ಪತ್ತೇದಾರಿ ಆ್ಯಪ್ ಹಾಕಿದ್ದೇವೆ, ನಮಗೆಲ್ಲ ಗೊತ್ತಾಗುತ್ತದೆ ಎನ್ನುವ ಪೋಷಕರು ಹೆಚ್ಚುತ್ತಿದ್ದಾರೆ. ಹೋಕನ್ ಸ್ಟಟ್ಟಿನ್ ಮತ್ತು ಮಾರ್ಗರೆಟ್ ಕೆರ್ ಸ್ವೀಡನ್ನಿನ 14ರ ಮಕ್ಕಳ ಮೇಲೆ ಮಾಡಿದ ಅಧ್ಯಯನ 2000ದಲ್ಲಿ ಬಂತು. ಪೋಷಕರಿಗೆ ಮಕ್ಕಳ ಬಗ್ಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದದ್ದು ಮಕ್ಕಳು ತಾವಾಗಿ ಹೇಳಿದ್ದರಿಂದ, ಕಾವಲಿನಿಂದಲ್ಲ ಎಂದು ಅವರು ಕಂಡುಕೊಂಡರು. ಹತ್ತು ವರ್ಷದ ಮಗುವಿನ ಫೋನು ನೋಡುವುದು ಬೇರೆ. ಹದಿನಾರರವರ ಮೇಲೆ ಕದ್ದು ಕಣ್ಣಿಟ್ಟರೆ ಅವರು ಇನ್ನೊಂದು ಅಕೌಂಟ್ ತೆರೆಯುವುದನ್ನು ಕಲಿಯುತ್ತಾರೆ.

ಹೊತ್ತು, ಜಾಗ, ಜೊತೆ

ನನ್ನ ಕೋಣೆಗೆ ಬರುವ ಪ್ರಕರಣಗಳು ಎಲ್ಲೆಲ್ಲೋ ಆಗುವುದಿಲ್ಲ. ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಮನೆಗೆ ಬರುವ ತನಕದ ಹೊತ್ತು. ಬೀಗದ ಕೈ ಮಗುವಿನ ಹತ್ತಿರವೇ ಇರುವ ಖಾಲಿ ಮನೆ. ಪರೀಕ್ಷೆ ಮುಗಿದ ದಿನ. ರಾತ್ರಿ ಹನ್ನೊಂದರ ನಂತರದ ಫೋನು. ಇವಿಷ್ಟನ್ನು ನೋಡಿಕೊಂಡರೆ ಅರ್ಧ ಕೆಲಸ ಆದಂತೆ.

ಐಸ್‌ಲೆಂಡ್ ದೇಶ ಮಾಡಿದ್ದು ಇದನ್ನೇ, ದೊಡ್ಡ ಪ್ರಮಾಣದಲ್ಲಿ. 1998ರಲ್ಲಿ ಅಲ್ಲಿನ 15–16ರ ಮಕ್ಕಳಲ್ಲಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದಾಗಿ ಹೇಳಿದ್ದರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿಯಿತು. ದಿನಾ ಸಿಗರೇಟು ಸೇದುವವರು ಶೇ 23ರಿಂದ 3ಕ್ಕೆ ಬಂದರು. ಕುಡಿತದ ಕೆಡುಕು ಬೋಧಿಸಿ ಇದು ಆದದ್ದಲ್ಲ. ಮಕ್ಕಳು ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಹೊರಗಿರಬಾರದೆಂಬ ನಿಯಮವನ್ನು ಗಟ್ಟಿಯಾಗಿ ಪಾಲಿಸಿದರು, ಸಂಜೆಯ ಕ್ರೀಡೆ ಮತ್ತು ಸಂಗೀತಕ್ಕೆ ಸರ್ಕಾರದ ದುಡ್ಡು ಹಾಕಿದರು, ಪೋಷಕರು ಪರಸ್ಪರ ಮಾತಾಡಿಕೊಂಡು ಒಂದೇ ನಿಯಮಕ್ಕೆ ಸಹಿ ಹಾಕಿದರು, ಪ್ರತಿ ಶಾಲೆಯ ಸಮೀಕ್ಷೆಯನ್ನು ಮತ್ತೆ ಮತ್ತೆ ಮಾಡಿ ಫಲಿತಾಂಶವನ್ನು ಊರಿಗೆ ತಿಳಿಸಿದರು. ಇದರಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನನಗೆ ಇಷ್ಟವಾದದ್ದು ಪೋಷಕರ ಒಪ್ಪಂದ. "ಅವರ ಮನೇಲಿ ಬಿಡ್ತಾರೆ, ನೀವು ಮಾತ್ರ ಬಿಡಲ್ಲ" ಎಂಬ ವಾದಕ್ಕೆ ಮದ್ದು ಅದೊಂದೇ. ಮಗುವಿನ ಹತ್ತಿರದ ನಾಲ್ಕು ಗೆಳೆಯರ ಮನೆಯವರ ನಂಬರ್ ಇಟ್ಟುಕೊಳ್ಳಿ. ಮನೆಗೆ ಬರುವ ಹೊತ್ತು, ದೊಡ್ಡವರಿಲ್ಲದ ಮನೆಯ ಪಾರ್ಟಿ, ಗಾಡಿಯ ಕೀ, ಈ ಮೂರರ ಬಗ್ಗೆ ಒಮ್ಮತಕ್ಕೆ ಬನ್ನಿ.

ಫೋನು ರಾತ್ರಿ ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ, ನಿಮ್ಮದೂ. 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಕ್ಕಳು ದುಡುಕುವುದನ್ನು ನಾನು ಸೋಮವಾರ ಬೆಳಿಗ್ಗೆಗಳಲ್ಲಿ ನೋಡುತ್ತಲೇ ಇರುತ್ತೇನೆ.

ಅಪಾಯವನ್ನೆಲ್ಲ ಕಿತ್ತುಕೊಂಡರೆ ಮಗು ತಾನಾಗಿ ಹುಡುಕಿಕೊಳ್ಳುತ್ತದೆ. ಬದಲಿಗೆ ಇನ್ನೊಂದನ್ನು ಕೊಡಿ, ಎದೆ ಢವಢವ ಎನ್ನುವಂಥದ್ದನ್ನೇ. ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವುದು, ವೇದಿಕೆ ಹತ್ತಿ ನಾಟಕ, ಕುಸ್ತಿ, ಗೊತ್ತಿಲ್ಲದ ತಂಡಕ್ಕೆ ಆಯ್ಕೆ ಪರೀಕ್ಷೆ. ನತಾಷಾ ಡ್ಯುವೆಲ್ ಮತ್ತು ಸ್ಟೈನ್‌ಬರ್ಗ್ ಇವನ್ನು ಒಳ್ಳೆಯ ಅಪಾಯಗಳೆಂದೇ ಕರೆದು 2019ರಲ್ಲಿ ಬರೆದಿದ್ದಾರೆ. ಪ್ಯಾರಾಪೆಟ್ ಹುಡುಗ ಈಗ ಶಾಲೆಯ ಜಿಮ್ನಾಸ್ಟಿಕ್ಸ್ ತಂಡದಲ್ಲಿದ್ದಾನೆ. ಅವನ ಸಮತೋಲನಕ್ಕೆ ಪಿ.ಟಿ. ಮಾಸ್ಟರು ಮನಸೋತಿದ್ದಾರೆ, ಅದನ್ನು ಎಲ್ಲಿ ನೋಡಿದರು ಎಂದು ಕೇಳಬೇಡಿ.

ನೀರು, ಬೈಕು, ಬಾಟಲಿ, ಫೋಟೊ

ಮೂರನೇ ಗುಂಪಿನವಕ್ಕೆ ನಿಯಮದ ಜೊತೆ ಆ ಹೊತ್ತಿಗೆ ಏನು ಮಾಡಬೇಕೆಂಬ ತಿಳಿವಳಿಕೆಯೂ ಬೇಕು. ಮಾಡಬೇಡ ಎಂದ ಮೇಲೂ ಅವರು ಆ ಜಾಗದಲ್ಲಿ ಇರುವ ಸಾಧ್ಯತೆ ಇದ್ದೇ ಇರುತ್ತದೆ.

ನೀರಿನಲ್ಲಿ ಒಬ್ಬ ಮುಳುಗಿದಾಗ ಗೆಳೆಯ ಇಳಿಯುತ್ತಾನೆ, ಅವನ ಹಿಂದೆ ಇನ್ನೊಬ್ಬ. ಒಂದು ಸಾವು ಮೂರಾಗುವುದು ಹೀಗೆ. ಮುಳುಗುತ್ತಿರುವವನು ಕೈಗೆ ಸಿಕ್ಕಿದ್ದನ್ನು ತಬ್ಬಿ ಕೆಳಗೊತ್ತುತ್ತಾನೆ, ಎಷ್ಟೇ ಚೆನ್ನಾಗಿ ಈಜು ಬಂದರೂ ಬಿಡಿಸಿಕೊಳ್ಳಲು ಆಗದಿರಬಹುದು. ಮಕ್ಕಳಿಗೆ ಇದನ್ನು ಕಲಿಸಿ: ಕೂಗು, ದಡದಲ್ಲಿ ಮಲಗಿ ಕೋಲು ಚಾಚು, ಹಗ್ಗವನ್ನೋ ತೇಲುವ ಕ್ಯಾನನ್ನೋ ಎಸೆ, ನೀನು ಇಳಿಯಬೇಡ. ತಲೆ ಕೆಳಗಾಗಿ ಡೈವ್ ಹೊಡೆಯುವುದಂತೂ ಆಳ ಗೊತ್ತಿಲ್ಲದ ನೀರಿನಲ್ಲಿ ಇಲ್ಲವೇ ಇಲ್ಲ. ಕುತ್ತಿಗೆಯ ಮೂಳೆ ಮುರಿದು ಜೀವಮಾನವಿಡೀ ಹಾಸಿಗೆ ಹಿಡಿಯಲು ಒಂದು ಸಲ ಸಾಕು.

5ರಿಂದ 29 ವರ್ಷದವರ ಸಾವಿಗೆ ಜಗತ್ತಿನಲ್ಲಿ ಮೊದಲ ಕಾರಣ ರಸ್ತೆ ಅಪಘಾತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಲ್ಮೆಟ್ಟಿನಿಂದ ಬೈಕ್ ಸವಾರರ ಸಾವಿನ ಸಂಭವ ಶೇ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಶೇ 69ರಷ್ಟು ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ವಿಮರ್ಶೆ ಹೇಳಿದೆ. ಆದರೆ ಈ ಅಂಕಿಗಳನ್ನು ಮಕ್ಕಳಿಗೆ ಹೇಳಿ ಪ್ರಯೋಜನವಿಲ್ಲ, ನಿಮಗೆ ಹೇಳುತ್ತಿದ್ದೇನೆ. ಲೈಸೆನ್ಸ್ ಸಿಕ್ಕ ಮಕ್ಕಳಿಗೂ ಮೊದಲ ವರ್ಷ ಎರಡು ಕಡಿವಾಣ ಇರಲಿ: ರಾತ್ರಿ ಓಡಿಸುವಂತಿಲ್ಲ, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ನ್ಯೂಜಿಲೆಂಡ್ 1987ರಲ್ಲೇ ಹೊಸ ಚಾಲಕರಿಗೆ ಹಂತಹಂತದ ಲೈಸೆನ್ಸ್ ತಂದು ಈ ಎರಡನ್ನೂ ಕಾನೂನೇ ಮಾಡಿತು. ಕಾರಿನಲ್ಲಿ ಗೆಳೆಯರ ಸಂಖ್ಯೆ ಏರಿದಂತೆ 16–17ರ ಚಾಲಕರು ಸಾಯುವ ಸಂಭವವೂ ಏರುತ್ತದೆ ಎಂದು 2000ದಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು.

ಕುಡಿದು ಎಚ್ಚರ ತಪ್ಪಿದ ಗೆಳೆಯನನ್ನು "ಮಲಗಿದ್ರೆ ಸರಿಹೋಗ್ತಾನೆ" ಎಂದು ಬಿಟ್ಟುಹೋಗಬಾರದು. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ವಾಂತಿ ಉಸಿರಿಗೆ ಅಡ್ಡ ಬರದ ಹಾಗೆ. ಪಕ್ಕದಲ್ಲೇ ಕೂತಿರಬೇಕು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಯಾದರೆ ಆಂಬುಲೆನ್ಸ್. ಮನೆಯವರಿಗೆ ಗೊತ್ತಾಗುತ್ತದೆ ಎಂಬ ಭಯದಲ್ಲಿ ಆಂಬುಲೆನ್ಸ್ ಕರೆಯದೆ ಕೂರುವ ಮಕ್ಕಳಿದ್ದಾರೆ. "ಜೀವ ಉಳಿಸೋಕೆ ಫೋನ್ ಮಾಡಿದ್ರೆ ಯಾರೂ ಬೈಯಲ್ಲ" ಎಂದು ಮೊದಲೇ ಹೇಳಿಟ್ಟಿರಿ.

ಫೋಟೊ ಕಳಿಸಿ ಸಿಕ್ಕಿಕೊಂಡ ಮಗುವಿಗೆ "ಯಾಕ್ ಕಳ್ಸಿದೆ" ಎನ್ನುವುದು ಎಲ್ಲಕ್ಕಿಂತ ಕ್ರೂರ ಪ್ರಶ್ನೆ. ಆ ಹೊತ್ತಿಗೆ ಬೇಕಾದದ್ದು: ದುಡ್ಡು ಕೊಡಬೇಡಿ, ಇನ್ನೊಂದು ಫೋಟೊ ಕಳಿಸಬೇಡಿ, ಬೆದರಿಕೆಯ ಚಾಟ್ ಮತ್ತು ಆ ಖಾತೆಯ ಹೆಸರನ್ನು ಅಳಿಸದೆ ಉಳಿಸಿ, ಬ್ಲಾಕ್ ಮಾಡಿ, ಪೊಲೀಸರಿಗೆ ತಿಳಿಸಿ. ಅಮೆರಿಕದ ನ್ಯಾಷನಲ್ ಸೆಂಟರ್ ಫಾರ್ ಮಿಸ್ಸಿಂಗ್ ಆ್ಯಂಡ್ ಎಕ್ಸ್‌ಪ್ಲಾಯ್ಟೆಡ್ ಚಿಲ್ಡ್ರನ್ ನಡೆಸುವ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಿಂದ ಆಚೆ ಹೋಗುವುದಿಲ್ಲ. ಅದರ ಡಿಜಿಟಲ್ ಬೆರಳಚ್ಚು, ಅಂದರೆ ಆ ಚಿತ್ರವನ್ನು ಗುರುತಿಸುವ ಸಂಕೇತ ಮಾತ್ರ ಹೋಗುತ್ತದೆ, ಸೇರಿಕೊಂಡಿರುವ ಜಾಲತಾಣಗಳು ಅದರ ಆಧಾರದ ಮೇಲೆ ಚಿತ್ರವನ್ನು ತೆಗೆಯುತ್ತವೆ. ಹುಡುಗಿಯರಿಗೆ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ, ದುಡ್ಡಿಗಾಗಿ ಬೆದರಿಸುವವರಿಗೆ ಹುಡುಗರು ಬಹಳ ಸುಲಭವಾಗಿ ಸಿಗುತ್ತಾರೆ.

ಶಿಕ್ಷೆ, ಹೆದರಿಕೆ

ಹೆದರಿಸಿ ದಾರಿಗೆ ತರುವ ಕಾರ್ಯಕ್ರಮಗಳು ದೊಡ್ಡವರಿಗೆ ಬಹಳ ಇಷ್ಟ. ಅಮೆರಿಕದಲ್ಲಿ ಮಕ್ಕಳನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಬೈಸಿದರು. ಆ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಹೋಗಿ ಬಂದ ಮಕ್ಕಳೇ ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದರು. ಅಪಘಾತದ ರಕ್ತಸಿಕ್ತ ಫೋಟೊ ತೋರಿಸುವ ಸ್ಲೈಡ್ ಶೋಗಳನ್ನು ನಾನು ನಮ್ಮಲ್ಲಿ ನಿಲ್ಲಿಸಿಬಿಟ್ಟಿದ್ದೇನೆ. ಹಿಂದಿನ ಬೆಂಚಿನವರು ಅದನ್ನು ಎಂಜಾಯ್ ಮಾಡುತ್ತಾರೆ.

ಶಿಕ್ಷೆ ಬೇಕಾದರೆ ಬೇಗ ಕೊಡಿ, ಚಿಕ್ಕದಾಗಿರಲಿ, ಮಾಡಿದ್ದಕ್ಕೆ ಸಂಬಂಧವಿರಲಿ. ಬೈಕ್ ತಗೊಂಡು ಹೋದವನಿಗೆ ಬೈಕ್ ಇಲ್ಲ, ಅದಕ್ಕೆ ಕ್ರಿಕೆಟ್ ಯಾಕೆ ನಿಲ್ಲಿಸಬೇಕು? ಸಂಜೆ ಅವನನ್ನು ಮೈದಾನದಲ್ಲಿ ಹಿಡಿದಿಡುವುದು ಅದೇ. ಶಾಲೆಯಿಂದ ಸಸ್ಪೆಂಡ್ ಮಾಡುವುದರಲ್ಲೂ ಇದೇ ಎಡವಟ್ಟು. ಹಗಲಿಡೀ ಖಾಲಿ ಮನೆ, ಜೊತೆಗೆ ಸಸ್ಪೆಂಡ್ ಆದ ಉಳಿದಿಬ್ಬರು. ತಪ್ಪು ಕಂಡ ಕೂಡಲೇ ಹೊರಗೆ ಹಾಕುವ ನೀತಿಯಿಂದ ಶಾಲೆ ಹೆಚ್ಚು ಸುರಕ್ಷಿತವಾದದ್ದಕ್ಕೆ ಪುರಾವೆ ಇಲ್ಲ ಎಂದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಕಾರ್ಯಪಡೆ 2008ರಲ್ಲೇ ಹೇಳಿದೆ.

ಮನೆಮದ್ದು ಸಾಲದಾದಾಗ

ಮೇಲಿನದೆಲ್ಲ ಗೆಳೆಯರ ಮುಂದೆ ಮೆರೆಯುವ ಮಕ್ಕಳಿಗೆ. ಒಬ್ಬರೇ ಇದ್ದಾಗಲೂ ಅಪಾಯಕ್ಕೆ ಕೈಹಾಕುವ ಮಗು ಬೇರೆ, ಅದಕ್ಕೇ ನಾನು "ಒಬ್ನೇ ಇದ್ದಿದ್ರೆ?" ಎಂದು ತಪ್ಪದೆ ಕೇಳುವುದು. ಒಂಟಿಯಾಗಿ ಕುಡಿಯುವುದು, ಮೈಮೇಲೆ ಕಾರಣ ಹೇಳದ ಗಾಯಗಳು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ಗೆಳೆಯರನ್ನು ಇದ್ದಕ್ಕಿದ್ದಂತೆ ಬಿಡುವುದು, "ಏನಾದ್ರೂ ಆಗ್ಲಿ ನಂಗೇನು" ಎನ್ನುವ ಮಾತು. ಇಂಥದ್ದು ಕಂಡರೆ ನೇರವಾಗಿ ಕೇಳಿ: "ಸಾಯ್ಬೇಕು ಅಂತ ಅನ್ನಿಸ್ತಿದ್ಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಎಂಬುದು ತಪ್ಪು ಕಲ್ಪನೆ, ಸಂಶೋಧನೆಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಹೌದು ಎಂದರೆ ಮಗುವನ್ನು ಒಂಟಿ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ಕೀಟನಾಶಕ, ಹರಿತವಾದ ವಸ್ತುಗಳನ್ನು ಬೀಗದೊಳಗಿಡಿ, ಅದೇ ದಿನ ಮನೋವೈದ್ಯರ ಬಳಿಗೋ ಆಸ್ಪತ್ರೆಗೋ ಹೋಗಿ. ನನ್ನ ಬಳಿ ಹೇಳಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ ಎಂದು ಮಕ್ಕಳಿಗೆ ಮಾತು ಕೊಡುವಾಗಲೇ ಇದೊಂದನ್ನು ಹೊರಗಿಟ್ಟಿರುತ್ತೇನೆ. ಜೀವಕ್ಕೆ ಅಪಾಯ ಇದ್ದರೆ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ ಎಂದು.

ಟೀಚರುಗಳಿಗೆ ಎರಡು ಮಾತು

ಮಕ್ಕಳ ತಲೆಯಲ್ಲಿ 'ಎಲ್ರೂ ಮಾಡ್ತಾರೆ' ಎಂಬ ಲೆಕ್ಕ ಇರುತ್ತದೆ, ಅದು ಬಹುಮಟ್ಟಿಗೆ ತಪ್ಪು ಲೆಕ್ಕ. ತರಗತಿಯಲ್ಲಿ ಹೆಸರಿಲ್ಲದ ಚೀಟಿ ಕೊಟ್ಟು ಎರಡು ಪ್ರಶ್ನೆ ಕೇಳಿ: ನಿಮ್ಮ ವಯಸ್ಸಿನವರಲ್ಲಿ ನೂರಕ್ಕೆ ಎಷ್ಟು ಜನ ವೇಪ್ ಮಾಡುತ್ತಾರೆ ಎಂದು ನಿನ್ನ ಊಹೆ? ನೀನು ಕಳೆದ ತಿಂಗಳು ಮಾಡಿದ್ದೀಯಾ? ಕೈಬರಹ ಗೊತ್ತಾಗದಂತೆ ಅಂಕಿ ಮತ್ತು ಟಿಕ್ ಮಾತ್ರ ಇರಲಿ. ನಾನು ಮಾಡಿಸಿದ ಕಡೆಗಳಲ್ಲಿ ಊಹೆ ನಿಜಕ್ಕಿಂತ ಬಹಳ ಮೇಲಿರುತ್ತದೆ, ಬೋರ್ಡಿನ ಮೇಲೆ ಎರಡೂ ಅಂಕಿ ಅಕ್ಕಪಕ್ಕ ಬಂದಾಗ ತರಗತಿ ಗುಸುಗುಸು ಶುರುಮಾಡುತ್ತದೆ. ನಿಜವಾದ ಅಂಕಿಯೇ ದೊಡ್ಡದಿದ್ದರೆ ಓದಬೇಡಿ. ಅದನ್ನು ಸ್ಟಾಫ್ ರೂಮಿಗೆ ತನ್ನಿ.

ಇನ್ನೊಂದು, ಮನೆಗೆ ಫೋನ್ ಮಾಡುವುದು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ, ಏನು ಹೇಳುತ್ತೀರಿ ಎಂದು ಅವನಿಗೆ ಮೊದಲು ಹೇಳಿ. ಪೋಷಕರಿಗೆ ಮೊದಲ ವಾಕ್ಯದಲ್ಲೇ "ಮಗ ಆರಾಮಾಗಿದ್ದಾನೆ, ಏನೂ ಆಗಿಲ್ಲ" ಎನ್ನಿ. ಶಾಲೆಯ ನಂಬರ್ ನೋಡಿದ ಕೂಡಲೇ ಅವರ ಜೀವ ಬಾಯಿಗೆ ಬಂದಿರುತ್ತದೆ, ಅದು ಇಳಿಯುವ ತನಕ ಬೇರೇನೂ ಕೇಳಿಸುವುದಿಲ್ಲ. ಆಮೇಲೆ ನಡೆದದ್ದನ್ನು ವಿಶೇಷಣವಿಲ್ಲದೆ ಹೇಳಿ: ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಜನ ಇದ್ದರು. ಉಳಿದ ಮಕ್ಕಳ ಹೆಸರು ಕೇಳಿಯೇ ಕೇಳುತ್ತಾರೆ, ಕೊಡಬೇಡಿ. "ಇವತ್ತು ಮನೇಲಿ ಹೊಡೀಬೇಡಿ, ನಾಳೆ ಒಂಬತ್ತು ಗಂಟೆಗೆ ಇಬ್ರೂ ಬನ್ನಿ, ಕೂತು ಮಾತಾಡೋಣ" ಎಂದು ಹೇಳಿ, ಒಪ್ಪಿಸಿಕೊಂಡ ಮೇಲೆ ಫೋನನ್ನು ಮಗುವಿನ ಕೈಗೆ ಕೊಡಿ.